ಗೇರು ಬೀಳವಲ್ದು: ಸುರಪುರದ ಒಂದು ರೋಡ್‌ಕಿಂಗ್ ಮತ್ತು ಗೇರ್‌ಬಾಕ್ಸಿನ ನೂರು ವರ್ಷ

ಗಾಡಿ ಓಡಿಸ್ತಾ ಇಯರ್‌ಫೋನ್ ಹಾಕ್ಕೊಂಡು ಇದನ್ನ ಕೇಳ್ತಿದ್ರೆ, ದಯವಿಟ್ಟು ಮೊದಲು ಪಕ್ಕಕ್ಕೆ ನಿಲ್ಲಿಸಿ. ಇವತ್ತಿನ ಮಾತು ಗಾಡಿಯದ್ದೇ, ಅದರಲ್ಲೂ ಎಡಗಾಲಿನ ಕೆಳಗಿರೋ ಗೇರಿನದ್ದು.

ಜೇವರ್ಗಿಯಿಂದ ಹೊರಟು ಶಹಾಪುರ, ಸುರಪುರ ದಾಟಿ ಲಿಂಗಸುಗೂರು ಕಡೆ ಹೋಗೋ ರಾಷ್ಟ್ರೀಯ ಹೆದ್ದಾರಿ 150ಎ ನಿಮಗೆ ಗೊತ್ತೇ ಇದೆ. ಹತ್ತಿ ತುಂಬಿದ ಟ್ರ್ಯಾಕ್ಟರ್, ಭತ್ತದ ಸೀಜನ್ನಿನಲ್ಲಿ ರಸ್ತೆಗಿಳಿಯೋ ಕಟಾವು ಮಷೀನು, ಊರಿಗೊಂದು ಹಂಪು. ಈ ರಸ್ತೆಯಲ್ಲಿ ಒಂದೇ ಗೇರಿನಲ್ಲಿ ಹೋಗೋಕೆ ಆಗೋದೇ ಇಲ್ಲ. ಟ್ರ್ಯಾಕ್ಟರ್ ಹಿಂದಿಕ್ಕೋಕೆ ಅಂತ ಮೂರಕ್ಕೆ ಇಳಿಸ್ತೀರಿ, ಗೇರು ಬೀಳದೆ ಗಾಡಿ 'ಗುರ್ರ್' ಅಂತ ಬರೀ ಸದ್ದು ಮಾಡುತ್ತೆ, ಎದುರಿಗೆ ಲಾರಿ. ಇದನ್ನ ಸುಳ್ಳು ನ್ಯೂಟ್ರಲ್ ಅಂತಾರೆ. ಒಂದ್ಸಲ ಅನುಭವಿಸಿದವರು ಮರೆಯಲ್ಲ.

ಈ ಕತೆಯಲ್ಲಿ ನನಗೆ ಮುಖ್ಯ ಅನ್ನಿಸೋದು ಇನ್ನೊಂದು ಸಂಗತಿ. ಇದೇ ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಹೋಗ್ತಾನೇ ಇದ್ರೆ ಬಳ್ಳಾರಿ, ಹಿರಿಯೂರು, ಶ್ರೀರಂಗಪಟ್ಟಣ ದಾಟಿ ಮೈಸೂರು ಸೇರ್ತೀರಿ. ನಮ್ಮ ಮಾಮಾನ ರೋಡ್‌ಕಿಂಗ್ ಹುಟ್ಟಿದ್ದು ಅಲ್ಲೇ.

ಮಾಮಾ ಸುರಪುರದವರು. ಗಾಡಿ ನಂಬರು ಕೆಎ 32, ಅಂದ್ರೆ ಗುಲ್ಬರ್ಗದ್ದು. ಯಾದಗಿರಿ ಬೇರೆ ಜಿಲ್ಲೆ ಆದದ್ದು 2009ರ ಡಿಸೆಂಬರಿನಲ್ಲಿ. ಹೋದ ವರ್ಷ ಆ ಗಾಡಿ ಗೇರು ಹಿಡೀಲೇ ಇಲ್ಲ. ನಿಂತಲ್ಲಿ ನ್ಯೂಟ್ರಲ್ ಸಿಗಲ್ಲ, ಒಂದನೇ ಗೇರು ಹಾಕಿದ್ರೆ ಗಾಡಿ ಮುಂದಕ್ಕೆ ಜಿಗಿಯುತ್ತೆ. ಒಂದು ಗ್ಯಾರೇಜಿನವರು 'ಗೇರ್‌ಬಾಕ್ಸ್ ಪೂರ್ತಿ ಹೋಗ್ಯದ, ಇದನ್ನ ಗುಜರಿಗೆ ಹಾಕ್ರಿ' ಅಂದ್ರು. ನಾನು ಆವಾಗ ಮೊಬೈಲಿನಲ್ಲಿ ಹುಡುಕಿ, ಹೊಸ ಆರು ಗೇರಿನ ಬಾಕ್ಸ್ ಕೂರಿಸೋಕೆ ಆಗುತ್ತಾ ಅಂತ ನೋಡ್ತಾ ಕೂತಿದ್ದೆ. ಆಗಲ್ಲ. ಯಾಕೆ ಆಗಲ್ಲ ಅನ್ನೋದು ಗೊತ್ತಾಗಬೇಕಾದ್ರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮೋಟಾರ್ ಸೈಕಲ್ ಶುರುವಾದ ಕಾಲಕ್ಕೆ ಎಷ್ಟೋ ಗಾಡಿಗೆ ಗೇರೇ ಇರಲಿಲ್ಲ, ಒಂದು ಬೆಲ್ಟು ಅಷ್ಟೇ. ಆಮೇಲೆ ಪೆಟ್ರೋಲ್ ಟ್ಯಾಂಕಿನ ಪಕ್ಕ ಒಂದು ಹಿಡಿ ಬಂತು. ಹ್ಯಾಂಡಲ್ಲಿನಿಂದ ಕೈ ಬಿಟ್ಟು ಗೇರು ಹಾಕಬೇಕು. ಕಾಲಿನಿಂದ ಒಂದು ಸಲ ಒತ್ತಿದ್ರೆ ಒಂದೇ ಗೇರು ಬದಲಾಗಿ, ಲಿವರ್ ತಾನೇ ಹಿಂದಿನ ಜಾಗಕ್ಕೆ ಬರೋ ಪದ್ಧತಿ ಇಂಗ್ಲೆಂಡಿನ ವೆಲೊಸೆಟ್ ಕಂಪನಿಯ ರೇಸ್ ಗಾಡಿಗಳಲ್ಲಿ 1920ರ ದಶಕದ ಕೊನೆಗೆ ಬಂತು. ಹೆರಾಲ್ಡ್ ವಿಲ್ಲಿಸ್ ಅನ್ನೋರ ಕೆಲಸ ಅದು. ಇವತ್ತು ನಿಮ್ಮ ಸ್ಪ್ಲೆಂಡರಿನಲ್ಲಿ ಕಾಲು ಮಾಡೋದೂ ಅದೇ.

ಆದ್ರೆ ಕ್ಲಚ್ಚು? ಅದು ಕೈಯಲ್ಲೇ ಉಳೀತು. ಕೈ, ಕಾಲು ಎರಡೂ ತಾಳ ತಪ್ಪದೆ ಹೋಗಬೇಕು. ಇದನ್ನ ಸುಲಭ ಮಾಡಿದವರಲ್ಲಿ ಚೆಕೊಸ್ಲೊವಾಕಿಯಾದ ಜಾವಾದವರು ಮುಂದಿದ್ರು. ಎರಡನೇ ಮಹಾಯುದ್ಧದಲ್ಲಿ ದೇಶ ಜರ್ಮನ್ನರ ಕೈಲಿದ್ದಾಗ ಗುಟ್ಟಾಗಿ ತಯಾರು ಮಾಡಿ, 1946ರಲ್ಲಿ ಹೊರಗೆ ತಂದ 250 ಸಿಸಿ 'ಪೆರಾಕ್' ಗಾಡಿಯಲ್ಲಿ ಗೇರ್ ಲಿವರ್ ಒತ್ತಿದ ಕೂಡಲೇ ಕ್ಲಚ್ಚು ತಾನಾಗೇ ಬಿಡ್ತಿತ್ತು. ಲಿವರಿನ ಜೊತೆ ಒಳಗೊಂದು ಕ್ಯಾಮು ತಿರುಗಿ ಕ್ಲಚ್ ರಾಡನ್ನ ತಳ್ಳುತ್ತೆ. ಕಾಲು ನಿಧಾನಕ್ಕೆ ಎತ್ತಿದ್ರೆ ಕ್ಲಚ್ಚೂ ನಿಧಾನಕ್ಕೆ ಹಿಡಿಯುತ್ತೆ. ಕೈಯಲ್ಲಿ ಕ್ಲಚ್ ಲಿವರ್ ಇದ್ದೇ ಇದೆ, ಆದರೆ ಗಾಡಿ ಓಡ್ತಿರುವಾಗ ಅದರ ಹಂಗಿಲ್ಲ.

ಈ ಜಾವಾ 1960ರಲ್ಲಿ ಮೈಸೂರಿಗೆ ಬಂತು, ಐಡಿಯಲ್ ಜಾವಾ ಅನ್ನೋ ಕಂಪನಿ ಮೂಲಕ. ಯಾದವಗಿರಿಯಲ್ಲಿ ಫ್ಯಾಕ್ಟರಿ. ಹೌದು, ಯಾದವಗಿರಿ. ನಮ್ಮ ಯಾದಗಿರಿ ಜೊತೆ ಕಲಸಬೇಡಿ, ನಾನು ಚಿಕ್ಕವನಿದ್ದಾಗ ಗಾಡಿ ನಮ್ಮೂರಿನಲ್ಲೇ ಆಗಿದ್ದು ಅಂತ ಗೆಳೆಯರ ಹತ್ರ ಬಾಜಿ ಕಟ್ಟಿ ಸೋತಿದ್ದೆ. 1973ರಿಂದ ಹೆಸರು ಯೆಜ್ಡಿ ಆಯ್ತು, 1978ರಲ್ಲಿ ರೋಡ್‌ಕಿಂಗ್ ಬಂತು, 1996ರಲ್ಲಿ ಫ್ಯಾಕ್ಟರಿ ನಿಂತುಹೋಯ್ತು. ಆ ಗಾಡಿಯಲ್ಲಿ ಕಿಕ್ಕರ್ ಬೇರೆ, ಗೇರ್ ಲಿವರ್ ಬೇರೆ ಇಲ್ಲ. ಅದೇ ಲಿವರನ್ನ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದ್ರೆ ಕಿಕ್ಕರ್, ವಾಪಸ್ ಇಳಿಸಿದ್ರೆ ಗೇರು. ಗೊತ್ತಿಲ್ಲದವರು ಕಿಕ್ಕರ್ ಹುಡುಕ್ತಾ ಗಾಡಿ ಸುತ್ತ ಪ್ರದಕ್ಷಿಣೆ ಹಾಕ್ತಾರೆ.

ಅದೇ ಹೊತ್ತಿಗೆ ಇನ್ನೊಂದು ಗಾಡಿ ಮದ್ರಾಸಿನಿಂದ ಬರ್ತಿತ್ತು. 1955ರಲ್ಲಿ ಶುರುವಾದ ಎನ್‌ಫೀಲ್ಡ್ ಇಂಡಿಯಾದ ಬುಲೆಟ್ಟು. ಅದಕ್ಕೆ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಒಂದನೇ ಗೇರು ಮೇಲಕ್ಕೆ, ಉಳಿದದ್ದು ಕೆಳಕ್ಕೆ. ಯೆಜ್ಡಿ ಓಡಿಸಿ ರೂಢಿ ಇದ್ದವರು ಬುಲೆಟ್ ಹತ್ತಿ ಗೇರು ಅಂತ ಬ್ರೇಕ್ ಒತ್ತಿ ಮುಗ್ಗರಿಸೋದು ಸಾಮಾನ್ಯ. ಬುಲೆಟ್ಟಿನ ನಾಲ್ಕು ಗೇರಿನ ಆಲ್ಬಿಯನ್ ಬಾಕ್ಸಿನಲ್ಲಿ ನ್ಯೂಟ್ರಲ್ ಹುಡುಕೋದು ಎಷ್ಟು ಕಷ್ಟ ಅಂದ್ರೆ, ಅದಕ್ಕೇ ಅಂತ ಒಂದು ಪುಟ್ಟ ಲಿವರ್ ಬೇರೆ ಕೊಟ್ಟಿದ್ರು. ಹಿಮ್ಮಡಿಯಿಂದ ಅದನ್ನ ಒತ್ತಿದ್ರೆ ಎರಡು, ಮೂರು, ನಾಲ್ಕು ಯಾವ ಗೇರಿನಲ್ಲಿದ್ರೂ ನೇರ ನ್ಯೂಟ್ರಲ್. ಸಮಸ್ಯೆ ಸರಿ ಮಾಡೋ ಬದಲು ಸಮಸ್ಯೆಗೊಂದು ಪೆಡಲ್ ಇಟ್ಟ ಹಾಗೆ! ಆದ್ರೂ ನನಗೆ ಅದು ಇಷ್ಟ.

ಆಮೇಲೆ 1985ರಲ್ಲಿ ಹೀರೋ ಹೊಂಡಾ ಸಿಡಿ 100, ಯಮಾಹಾ ಆರ್‌ಎಕ್ಸ್ 100 ಬಂದ್ವು. ಬೆರಳು ತಾಕಿಸಿದ್ರೆ ಬೀಳೋ ಗೇರು ನಮ್ಮ ಕಡೆ ಜನರ ಕಾಲಿಗೆ ಸಿಕ್ಕಿದ್ದು ಇವುಗಳಿಂದ.

ಈಗ ಅಪ್‌ಗ್ರೇಡ್ ವಿಷಯಕ್ಕೆ ಬರ್ತೀನಿ. ಹಳೇ ಬುಲೆಟ್ಟಿನಲ್ಲಿ ಇಂಜಿನ್ನೇ ಬೇರೆ, ಗೇರ್‌ಬಾಕ್ಸೇ ಬೇರೆ. ಎರಡು ಪ್ರತ್ಯೇಕ ಪೆಟ್ಟಿಗೆ. ಹಾಗಾಗಿ ಆಮೇಲೆ ಅದೇ ಎರಕದ ಕಬ್ಬಿಣದ ಇಂಜಿನ್ನಿಗೆ ಕಂಪನಿಯೇ ಐದು ಗೇರಿನ ಬಾಕ್ಸ್ ತಂದಾಗ, ಹಳೇ ಬುಲೆಟ್ ಇದ್ದವರೂ ಅದನ್ನ ಕೂರಿಸಿಕೊಂಡ್ರು. ಇದು ನಿಜವಾದ ಅಪ್‌ಗ್ರೇಡ್, ಕಾಲಿಗೆ ಫರಕ್ ಗೊತ್ತಾಗುತ್ತೆ. ಎಡಗಾಲಿನ ಗೇರಿನ ಬಾಕ್ಸ್ ಹಾಕಿದ್ರೆ ಬ್ರೇಕ್ ಪೆಡಲ್ ಬಲಕ್ಕೆ ತರಬೇಕು, ರಾಡು ಲಿಂಕು ಎಲ್ಲ ಬದಲಾಗುತ್ತೆ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಗಾಡಿಯ ಮಾರ್ಪಾಟಿನ ಬಗ್ಗೆ ಕಟ್ಟುನಿಟ್ಟು, ಕೈ ಹಾಕೋ ಮುಂಚೆ ಆರ್‌ಟಿಒ ಕಚೇರಿಯಲ್ಲಿ ಕೇಳ್ಕೊಳ್ಳಿ.

ಯೆಜ್ಡಿಯಲ್ಲಿ ಹಾಗಲ್ಲ. ಇಂಜಿನ್ನೂ ಗೇರ್‌ಬಾಕ್ಸೂ ಒಂದೇ ಕೇಸಿನ ಒಳಗೆ. 2018ರಲ್ಲಿ ಜಾವಾ ಮತ್ತೆ ಬಂತಲ್ಲ, ಆ ಆರು ಗೇರು ಈ ಹೊಟ್ಟೆಯೊಳಗೆ ಹೋಗಲ್ಲ. ಮಾಮಾನ ಗಾಡಿಗೆ ಇದ್ದ ದಾರಿ ಒಂದೇ, ಇರೋದನ್ನ ಸರಿ ಮಾಡೋದು.

ಶಹಾಪುರದ ಒಬ್ಬ ಹಿರಿಯ ಮೆಕ್ಯಾನಿಕ್ ಹತ್ರ ಗಾಡಿ ಒಯ್ದೆವು. ಅವರು ಪಾನಾ ಕೈಗೆ ತಗೊಳ್ಳಲೇ ಇಲ್ಲ. ಡಬಲ್ ಸ್ಟ್ಯಾಂಡ್ ಹಾಕಿ, ಇಂಜಿನ್ ಆಫ್ ಇಟ್ಟು, ಒಂದು ಕೈಲಿ ಹಿಂದಿನ ಗಾಲಿ ಹಿಂದೆ ಮುಂದೆ ಆಡಿಸ್ತಾ ಇನ್ನೊಂದು ಕೈಲಿ ಗೇರು ಹಾಕಿದ್ರು. ಒಂದು, ಎರಡು, ಮೂರು, ನಾಲ್ಕು, ಸಲೀಸಾಗಿ ಬಿದ್ವು. ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತು. ಇಂಜಿನ್ ಆಫ್ ಇದ್ದಾಗ ಬೀಳೋ ಗೇರು ಇಂಜಿನ್ ಓಡುವಾಗ ಬೀಳದಿದ್ರೆ ತಪ್ಪು ಹೆಚ್ಚಿನ ಸಲ ಗೇರ್‌ಬಾಕ್ಸಿನದಲ್ಲ, ಕ್ಲಚ್ಚಿನದು. ಕ್ಲಚ್ಚು ಪೂರ್ತಿ ಬಿಡ್ತಿಲ್ಲ, ಇಂಜಿನ್ನಿನ ತಿರುಗಾಟ ಗೇರಿಗೆ ಅಂಟಿಕೊಂಡೇ ಇದೆ ಅಂತ ಅರ್ಥ. ಎಳೆದಾಡಿ ಸಡಿಲಾದ ಕೇಬಲ್, ಬಾಗಿದ ಸ್ಟೀಲ್ ಪ್ಲೇಟು, ಪ್ಲೇಟುಗಳು ಬಡಿದು ಬಡಿದು ಕ್ಲಚ್ ಹೌಸಿಂಗಿನ ಬೆರಳುಗಳಲ್ಲಿ ಬಿದ್ದ ಕಚ್ಚು, ಇವೇ ಸಾಮಾನ್ಯ ಕಾರಣ. ಗೇರಿನಲ್ಲಿ ಹೋಗ್ತಿರುವಾಗ ಎಕ್ಸಿಲರೇಟರ್ ಕೊಟ್ಟ ಕೂಡಲೇ ಗೇರು ತಾನಾಗೇ ಹೊರಗೆ ಜಿಗಿದ್ರೆ ಮಾತ್ರ ಒಳಗಿನ ಹಲ್ಲಿನ ಮೂಲೆ ಸವೆದಿರಬಹುದು, ಇಲ್ಲಾ ಗೇರು ಸರಿಸೋ ಫೋರ್ಕ್ ಬಾಗಿರಬಹುದು. ಅವಾಗ ಕೇಸ್ ಬಿಚ್ಚಲೇಬೇಕು, ತಡ ಮಾಡಬಾರದು.

ಮಾಮಾನ ಗಾಡಿಯಲ್ಲಿ ಇದ್ದದ್ದು ಎರಡು ತಪ್ಪು. ಒಂದು, ಕಾಲಿನ ಕ್ಲಚ್ಚಿಗೂ ಕೈ ಕ್ಲಚ್ಚಿಗೂ ಹೊಂದಾಣಿಕೆ ತಪ್ಪಿತ್ತು. ಯಾರೋ ಕೇಬಲ್ ಮಾತ್ರ ಬಿಗಿ ಮಾಡಿ ಒಳಗಿನ ಸ್ಕ್ರೂ ಮರೆತಿದ್ರು. ಎರಡು, ಆಯಿಲ್. ಕಡಿಮೆಗೆ ಸಿಕ್ತು ಅಂತ ಕಾರಿನ ಆಯಿಲ್ ಹಾಕಿದ್ರು. ಬೈಕಿನ ಕ್ಲಚ್ಚು ಆಯಿಲಿನಲ್ಲೇ ಮುಳುಗಿರುತ್ತೆ, ಕಾರಿಂದು ಹಾಗಲ್ಲ. ಕಾರಿನ ಕೆಲವು ಆಯಿಲಿನಲ್ಲಿ ಜಾರೋ ಗುಣ ಜಾಸ್ತಿ, ಅದಕ್ಕೆ ಕ್ಲಚ್ಚು ಜಾರುತ್ತೆ. ಜಾರೋದನ್ನ ತಡೆಯೋಕೆ ಅಂತ ಇನ್ನೊಬ್ಬರು ಹೊಂದಾಣಿಕೆ ಬದಲಿಸಿ, ಈಗ ಕ್ಲಚ್ಚು ಬಿಡೋದೇ ನಿಂತಿತ್ತು. ನಿಮ್ಮ ಫೋರ್ ಸ್ಟ್ರೋಕ್ ಗೇರಿನ ಬೈಕಿಗೆ ಆಯಿಲ್ ತಗೊಳ್ಳುವಾಗ ಡಬ್ಬಿ ಮೇಲೆ 'ಜಾಸೊ ಎಂಎ' ಅಥವಾ 'ಎಂಎ 2' ಅಂತ ಇದೆಯಾ ನೋಡಿ. 'ಎಂಬಿ' ಅಂತಿದ್ರೆ ಅದು ಗೇರಿಲ್ಲದ ಸ್ಕೂಟರಿಗೆ.

ಪ್ಲೇಟು ಬದಲಾಯ್ತು, ಆಯಿಲ್ ಬದಲಾಯ್ತು, ಸ್ಕ್ರೂ ತಿರುಗಿತು. ಗೇರ್‌ಬಾಕ್ಸ್ ಬಿಚ್ಚಲೇ ಇಲ್ಲ. ಗುಜರಿಗೆ ಹೋಗಬೇಕಿದ್ದ ಗಾಡಿ ಸಂಜೆ ಹೊತ್ತಿಗೆ ಸುರಪುರಕ್ಕೆ ಹೊರಟಿತು, ಮಾಮಾ ಮುಂದೆ, ನಾನು ಹಿಂದೆ. ಗುಡ್ಡದ ಏರಿನಲ್ಲಿ ಅವರ ಎಡಗೈ ನೋಡಿದೆ. ಕ್ಲಚ್ ಲಿವರಿನ ಮೇಲೆ ಬೆರಳೇ ಇರಲಿಲ್ಲ. ಕಾಲು ಒತ್ತಿ, ತಡೆದು, ನಿಧಾನಕ್ಕೆ ಬಿಟ್ರು. ಮೂರರಿಂದ ಎರಡಕ್ಕೆ ಬಂದದ್ದು ನನಗೆ ಸದ್ದಿನಿಂದ ಮಾತ್ರ ಗೊತ್ತಾಯ್ತು.

ನಿಮ್ಮ ಮನೆಯಲ್ಲೂ ಇಂಥ ಹಳೇ ಗಾಡಿ ಇದ್ರೆ ಅದರ ಕತೆ ವಾಯ್ಸ್ ಮೆಸೇಜ್ ಮಾಡಿ ಕಳಿಸಿ. ಮುಂದಿನ ವಾರ ಸಿಗೋಣ.