ವಿಕ್ಟೋರಿಯನ್ ಉದ್ಯಮಿಗಳ ವೈಫಲ್ಯ (ಚರ್ಚೆ)
1870ರಿಂದ 1914ರವರೆಗಿನ ಬ್ರಿಟಿಷ್ ಉದ್ಯಮಿಗಳು ತಮ್ಮ ಹಿರಿಯರ ಚುರುಕನ್ನು ಕಳೆದುಕೊಂಡಿದ್ದರೇ ಎಂಬ ಬಗ್ಗೆ ಆರ್ಥಿಕ ಇತಿಹಾಸಕಾರರಲ್ಲಿ ನಡೆದ ವಾದ. ಈ ಅವಧಿಯಲ್ಲಿ ಉಕ್ಕಿನ ಉತ್ಪಾದನೆಯಲ್ಲಿ ಅಮೆರಿಕ, ಜರ್ಮನಿಗಳು ಬ್ರಿಟನ್ನನ್ನು ಹಿಂದಿಕ್ಕಿದವು. ಕೃತಕ ಬಣ್ಣಗಳ ಉದ್ಯಮ ಜರ್ಮನಿಯ ಕೈಸೇರಿತು. ಡೇವಿಡ್ ಲ್ಯಾಂಡಿಸ್, ಡೆರೆಕ್ ಆಲ್ಡ್‌ಕ್ರಾಫ್ಟ್ ಇದರ ಹೊಣೆಯನ್ನು ಬಹುಮಟ್ಟಿಗೆ ಉದ್ಯಮಿಗಳ ಮೇಲೆ ಹೊರಿಸಿದರು. 1970ರಲ್ಲಿ ಮೆಕ್ಲಾಸ್ಕಿ ಈ ಆರೋಪವನ್ನೇ ಅಲ್ಲಗಳೆದರು. ಉದಾಹರಣೆಗೆ, ಲ್ಯಾಂಕಾಶೈರ್ ಹತ್ತಿ ಗಿರಣಿಗಳು ನೂಲುವ ರಿಂಗ್ ಯಂತ್ರಗಳನ್ನು ಬಿಟ್ಟು ಹಳೆಯ ಮ್ಯೂಲ್‌ಗಳನ್ನೇ ನೆಚ್ಚಿದ್ದು ಜಡತೆಯೆನಿಸಿತ್ತು. ಆದರೆ ನುರಿತ ನೂಲುಗಾರರು ಧಾರಾಳವಾಗಿ ಸಿಗುತ್ತಿದ್ದ, ನಯವಾದ ನೂಲಿಗೆ ಬೇಡಿಕೆಯಿದ್ದ ಆ ಊರುಗಳಲ್ಲಿ ಅದು ಲಾಭದ ಲೆಕ್ಕವೇ ಆಗಿತ್ತೆಂದು ಲಾರ್ಸ್ ಸ್ಯಾಂಡ್‌ಬರ್ಗ್ ವಾದಿಸಿದರು. ಈ ವಾದಕ್ಕೆ ತೂಕವಿದೆ. ಸೋಡಾ ತಯಾರಿಕೆಯಲ್ಲಿ ಮಾತ್ರ ಇಂಥ ಸಮರ್ಥನೆ ನಿಲ್ಲುವುದು ಕಷ್ಟ: ಅಗ್ಗದ ಸಾಲ್ವೇ ವಿಧಾನವನ್ನು ಬ್ರನ್ನರ್ ಮಾಂಡ್ ಕಂಪನಿ ಬ್ರಿಟನ್ನಿನಲ್ಲೇ ನಡೆಸಿ ತೋರಿಸಿದ್ದರೂ, ಇತರ ಅನೇಕರು ದಶಕಗಳ ಕಾಲ ಲೆಬ್ಲಾಂ ವಿಧಾನಕ್ಕೇ ಜೋತುಬಿದ್ದಿದ್ದರು.