ಮುಸುಕಿನೊಳಗಣ ಬೂಷ್ಟು

ನಮ್ಮಲ್ಲಿ ಮೆಕ್ಕೆಜೋಳವೆಂದೂ ಗೋವಿನಜೋಳವೆಂದೂ ಕರೆಯಲ್ಪಡುವ ಧಾನ್ಯಕ್ಕೆ ಮುಸುಕಿನಜೋಳವೆಂಬ ಮೂರನೆಯ ಹೆಸರಿಟ್ಟ ಪೂರ್ವಿಕರು, ತಮಗರಿವಿಲ್ಲದೆಯೇ ಅದರ ತೆನೆಕೊಳೆ ರೋಗದ ಮರ್ಮವೊಂದನ್ನು ಮುಟ್ಟಿದರೆಂದು ನನಗೆ ತೋರುತ್ತದೆ. ಏಕೆಂದರೆ ತೆನೆಯ ತುದಿಯನ್ನು ಮೀರಿ ಬಿಗಿಯಾಗಿ ಕವಿದುಕೊಳ್ಳುವ ಮುಸುಕೇ ಶಿಲೀಂಧ್ರಕ್ಕೂ ಅದಕ್ಕೆ ದಾರಿ ತೆರೆಯುವ ಹುಳುವಿಗೂ ಗಿಡವು ಒಡ್ಡುವ ಮೊದಲ ತಡೆ. ಅಮೆರಿಕದ ಇಲಿನಾಯ್ಸಿನಲ್ಲಿ ಬರಿಲ್ ಮತ್ತು ಬ್ಯಾರೆಟ್ ಎಂಬ ವಿದ್ವಾಂಸರು 1909ರಲ್ಲಿ ತೆನೆಕೊಳೆಗಳನ್ನು ವಿವರಿಸಿದಂದಿನಿಂದ, ಅಲ್ಲಿಯವರೇ ಆದ ಬೆಂಜಮಿನ್ ಕೋಹ್ಲರರು 1959ರಲ್ಲಿ ತಮ್ಮ ಪ್ರಬಂಧವನ್ನು ಹೊರತಂದವರೆಗಿನ ಅರ್ಧ ಶತಮಾನದ ವ್ಯಾಸಂಗವು ಬಹುಮಟ್ಟಿಗೆ ಕಣ್ಣಿನ ವ್ಯಾಸಂಗವೇ ಆಗಿತ್ತು: ತೆನೆಯನ್ನು ಸುಲಿದು, ಬೂಷ್ಟು ಹಿಡಿದ ಕಾಳನ್ನು ಅಂದಾಜಿಸಿ, ಕೆಟ್ಟ ತಳಿಯನ್ನು ಕೈಬಿಡುವುದು.

ಆ ದೃಷ್ಟಿಯನ್ನು ಕದಲಿಸಿದುದು ಹೊಲವಲ್ಲ, ಕೋಳಿಯ ಕೊಟ್ಟಿಗೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯನ್ನು ತಿಂದು ಒಂದು ಲಕ್ಷಕ್ಕೂ ಮಿಕ್ಕ ಟರ್ಕಿ ಕೋಳಿಗಳು ಸತ್ತಾಗ ಅಫ್ಲಾಟಾಕ್ಸಿನ್ ಎಂಬ ವಿಷವು ಬೆಳಕಿಗೆ ಬಂದಿತು. ಅದೇ ವಿಷವು ಮುಸುಕಿನಜೋಳದ ಮೂಲಕ ಮನುಷ್ಯನನ್ನು ಕೊಂದ ದಾರುಣ ಪ್ರಸಂಗವು ನಮ್ಮ ದೇಶದಲ್ಲಿಯೇ ಒದಗಿತು. 1974ರ ಅಕಾಲ ವೃಷ್ಟಿಯಲ್ಲಿ ನೆನೆದ ಜೋಳವನ್ನುಂಡು ಗುಜರಾತಿನ ಪಂಚಮಹಲ್ ಹಾಗೂ ರಾಜಸ್ಥಾನದ ಬಾಂಸ್ವಾಡಾ ಪ್ರಾಂತಗಳ ಗಿರಿಜನರು ಕಾಮಾಲೆಗೆ ತುತ್ತಾದರು. ಲೆಕ್ಕಕ್ಕೆ ಸಿಕ್ಕ 397 ರೋಗಿಗಳಲ್ಲಿ 106 ಮಂದಿ ಅಸುನೀಗಿದರು. ಅವರ ಮನೆಯ ನಾಯಿಗಳಿಗೂ ಅದೇ ಗತಿಯಾಯಿತು. 1988ರಲ್ಲಿ ದಕ್ಷಿಣ ಆಫ್ರಿಕದ ಸಂಶೋಧಕರು ಫ್ಯುಸೇರಿಯಂ ಶಿಲೀಂಧ್ರದಿಂದ ಫ್ಯುಮೋನಿಸಿನ್ ಎಂಬ ಇನ್ನೊಂದು ವಿಷವನ್ನು ಬೇರ್ಪಡಿಸಿದರು. 1995ರಲ್ಲಿ ದಖ್ಖಣದ ಕೆಲವು ಹಳ್ಳಿಗಳಲ್ಲಿ ಮಳೆಗೆ ಸಿಕ್ಕ ಬಿಳಿಜೋಳ ಮತ್ತು ಮುಸುಕಿನಜೋಳಗಳನ್ನು ತಿಂದವರು ಹೊಟ್ಟೆನೋವು ಭೇದಿಗಳಿಂದ ನರಳಿದುದಕ್ಕೆ ಕಾರಣವೂ ಅದೇ.

ಇಳುವರಿಯ ರೋಗವಾಗಿದ್ದುದು ಹೀಗೆ ಉಣ್ಣುವವನ ರೋಗವಾದ ಮೇಲೆ ತಳಿಕಾರನು ಏನನ್ನು ಅಳೆಯಬೇಕೆಂಬ ಪ್ರಶ್ನೆಯೇ ಪ್ರಧಾನವಾಯಿತು. ರೋಗವು ತಾನಾಗಿ ಬರಲೆಂದು ಕಾದರೆ ಅದೃಷ್ಟದಿಂದ ಪಾರಾದ ದುರ್ಬಲ ಗಿಡವೂ ನಿರೋಧಕವೆಂದೇ ತೋರುವುದಾದ್ದರಿಂದ, ಶಿಲೀಂಧ್ರದ ಬೀಜಕಗಳನ್ನು ತೆನೆಯ ಕೂದಲು ಹೊರಬರುವ ದ್ವಾರಕ್ಕೆ ಸೂಜಿಯಿಂದ ಹನಿಸುವ, ಇಲ್ಲವೆ ಮುಸುಕನ್ನೇ ಚುಚ್ಚಿ ಕಾಳಿಗೆ ತಾಗಿಸುವ ಕ್ರಮಗಳು ರೂಢಿಗೆ ಬಂದವು. ಕೂದಲಿನ ಹಾದಿಯನ್ನು ತಡೆಯುವ ತಳಿಯು ಗಾಯದ ಹಾದಿಯನ್ನೂ ತಡೆಯಲೇಬೇಕೆಂದಿಲ್ಲವೆಂಬುದು ಇದರಿಂದ ಸ್ಪಷ್ಟವಾಯಿತು. ಕೆನಡದ ಒಟ್ಟಾವದಲ್ಲಿ ಸಿಒ 441 ಮೊದಲಾದ ತಳಿಗಳೂ, ಮಿಸಿಸಿಪ್ಪಿಯಲ್ಲಿ 1990ರಲ್ಲಿ ನೋಂದಣಿಯಾದ ಎಂಪಿ 313ಇ ತಳಿಯೂ ಇಂತಹ ಪರೀಕ್ಷೆಗಳ ಫಲ. ಆದರೆ ಎಂಪಿ 313ಇ ಅತಿಯಾಗಿ ಎತ್ತರ ಬೆಳೆದು ತಡವಾಗಿ ಮಾಗುವಂತಹುದು. ಅದರ ಗುಣವನ್ನು ಮಾತ್ರ ತೆಗೆದು ಅವಗುಣವನ್ನು ಹಿಂದೆ ಬಿಡುವುದು ಸುಲಭವಲ್ಲ, ಏಕೆಂದರೆ ಈ ನಿರೋಧವು ಒಂದೆರಡು ಪ್ರಬಲ ಜೀನುಗಳದಲ್ಲ, ಅಲ್ಪಸ್ವಲ್ಪ ಬಲದ ಅನೇಕ ಜೀನುಗಳ ಕೂಡುದುಡಿಮೆ.

ವಿಷವನ್ನು ಅಳೆಯುವ ಪರೀಕ್ಷೆಯೋ ದುಬಾರಿ. ಆಗ 2006ರಲ್ಲಿ ಉತ್ತರ ಕೆರೊಲಿನದ ಸಂಶೋಧಕರು ಎರಡು ಸಂಕರ ಸಮೂಹಗಳನ್ನು ಪರಿಶೀಲಿಸಿ, ಫ್ಯುಸೇರಿಯಂ ಕೊಳೆಗೂ ಫ್ಯುಮೋನಿಸಿನ್ ಪ್ರಮಾಣಕ್ಕೂ ಇರುವ ಆನುವಂಶಿಕ ಸಹಸಂಬಂಧವು ಒಂದರಲ್ಲಿ 0.96, ಮತ್ತೊಂದರಲ್ಲಿ 0.87 ಎಂದು ತೋರಿಸಿದರು. ಹಳಬರ ಕಣ್ಣಂದಾಜಿಗೆ ಇದಕ್ಕಿಂತ ದೊಡ್ಡ ಮನ್ನಣೆಯನ್ನು ನಾನು ಕಂಡಿಲ್ಲ.

ಅಫ್ಲಾಟಾಕ್ಸಿನ್ನನ್ನು ಉಂಟುಮಾಡುವ ಆಸ್ಪರ್ಜಿಲ್ಲಸ್ ಶಿಲೀಂಧ್ರದ ವಿಷಯದಲ್ಲಿ ಕಣ್ಣಿಗೆ ಆ ಭಾಗ್ಯವಿಲ್ಲ. ಬೂಷ್ಟು ಕಾಣದ ಕಾಳಿನಲ್ಲಿಯೂ ಅಫ್ಲಾಟಾಕ್ಸಿನ್ ಇರಬಹುದಾದುದರಿಂದ ತೆನೆಗಳನ್ನು ಬೀಸಿ ಹಿಟ್ಟಿನಲ್ಲಿಯೇ ವಿಷವನ್ನು ಅಳೆಯಬೇಕಾಗುತ್ತದೆ. ಬಿಸಿಲೂ ಬರವೂ ಕೂಡಿದಾಗಲೇ ಈ ಶಿಲೀಂಧ್ರವು ಹೆಚ್ಚುವುದರಿಂದ, ಮಳೆ ತಂಪಾಗಿ ಬಿದ್ದ ವರ್ಷದಲ್ಲಿ ಒಳ್ಳೆಯ ತಳಿಗೂ ಕೆಟ್ಟ ತಳಿಗೂ ಭೇದ ಕಾಣದೆ, ಅದೇ ಪ್ರಯೋಗವನ್ನು ಮರುವರ್ಷ ಮತ್ತೆ ಬಿತ್ತನೆಯಿಂದ ತೊಡಗಬೇಕಾಗುತ್ತದೆ.