ಎರಡನೆಯ ಮಹಾಯುದ್ಧದ ನಿರ್ಣಾಯಕ ಕದನಗಳು

1939ರ ಸೆಪ್ಟೆಂಬರ್ 1ರಂದು ಜರ್ಮನಿ ಪೋಲೆಂಡಿಗೆ ನುಗ್ಗಿದಾಗ ಯೂರೋಪಿನಲ್ಲಿ ಹೊತ್ತಿಕೊಂಡ ಎರಡನೆಯ ಮಹಾಯುದ್ಧ, 1945ರ ಸೆಪ್ಟೆಂಬರ್ 2ರಂದು ಜಪಾನ್ ಶರಣಾಗತಿ ಪತ್ರಕ್ಕೆ ಸಹಿ ಹಾಕುವುದರೊಂದಿಗೆ ಮುಗಿಯಿತು. ಏಷ್ಯದಲ್ಲಿ ಅದರ ಕಿಡಿ ಇನ್ನೂ ಮೊದಲೇ, 1937ರ ಜುಲೈಯಲ್ಲಿ ಜಪಾನ್ ಚೀನದ ಮೇಲೆ ಬಿದ್ದಾಗಲೇ ಹಾರಿತ್ತು. ಈ ಅವಧಿಯಲ್ಲಿ ನಡೆದ ನೂರಾರು ಕದನಗಳಲ್ಲಿ ಯಾವುದು ಯುದ್ಧದ ದಿಕ್ಕನ್ನು ಬದಲಿಸಿತು ಎಂಬ ಪ್ರಶ್ನೆಗೆ ಒಂದೊಂದು ದೇಶ ಒಂದೊಂದು ಉತ್ತರ ಕೊಡುತ್ತದೆ. ರಷ್ಯದವರು ಸ್ಟಾಲಿನ್‌ಗ್ರಾಡ್ ಎನ್ನುತ್ತಾರೆ, ಅಮೆರಿಕದವರು ಮಿಡ್‌ವೇ ಮತ್ತು ನಾರ್ಮಂಡಿ ಎನ್ನುತ್ತಾರೆ, ಬ್ರಿಟಿಷರು ಎಲ್ ಅಲಮೈನ್ ಎನ್ನುತ್ತಾರೆ. ಹೆಸರುಗಳ ಈ ಪೈಪೋಟಿ ಬಗೆಹರಿಯಬೇಕಾದರೆ ಮೊದಲು ಅಳತೆಗೋಲು ಬೇಕು. ಕದನ ಗೆದ್ದವರು ಯಾರು ಎಂಬುದು ಆ ಅಳತೆಗೋಲಾಗದು. ಕದನ ಮುಗಿದ ಮೇಲೆ ಸೋತ ಪಕ್ಷ ತಾನು ಕಳೆದುಕೊಂಡದ್ದನ್ನು ತುಂಬಿಕೊಳ್ಳಬಲ್ಲುದಾಗಿತ್ತೇ ಎಂದು ಕೇಳಬೇಕು. ತುಂಬಿಕೊಳ್ಳಬಲ್ಲುದಾಗಿದ್ದರೆ ಅದು ಸೋಲು ಮಾತ್ರ. ಇಲ್ಲದಿದ್ದರೆ ಅದು ತಿರುವು. ಯುದ್ಧದ ಮುಖ್ಯ ಕಾಳಗಗಳನ್ನು ಈ ಪ್ರಶ್ನೆಗೆ ಒಡ್ಡಿ ನೋಡಿದಾಗ ಅವುಗಳ ನಡುವಿನ ಸಂಬಂಧ ಸ್ಪಷ್ಟವಾಗುತ್ತದೆ.

ತಿರುವಾಗದ ಸೋಲುಗಳು

ಈ ಅಳತೆಗೋಲಿನ ಉಪಯೋಗ ಗೊತ್ತಾಗುವುದು ಯುದ್ಧದ ಮೊದಲ ಎರಡು ವರ್ಷಗಳಲ್ಲಿ. 1940ರ ಮೇ 10ರಂದು ಪಶ್ಚಿಮದತ್ತ ಹೊರಟ ಜರ್ಮನ್ ಸೇನೆ ಆರೇ ವಾರಗಳಲ್ಲಿ ಫ್ರಾನ್ಸನ್ನು ಮಣಿಸಿತು. ಬ್ರಿಟಿಷ್ ಸೇನೆ ತನ್ನ ಫಿರಂಗಿಗಳನ್ನೂ ಲಾರಿಗಳನ್ನೂ ಡಂಕರ್ಕ್ ಕಡಲತೀರದಲ್ಲೇ ಬಿಟ್ಟು ಓಡಬೇಕಾಯಿತು. ಆದರೆ ಸುಮಾರು 3,38,000 ಸೈನಿಕರು ಹಡಗು ದೋಣಿಗಳಲ್ಲಿ ಪಾರಾಗಿ ಬಂದರು. ಬಿಟ್ಟು ಬಂದದ್ದನ್ನು ಕಾರ್ಖಾನೆ ಮತ್ತೆ ಮಾಡಿಕೊಟ್ಟಿತು. ಪಳಗಿದ ಸೈನಿಕರನ್ನು ಯಾವ ಕಾರ್ಖಾನೆಯೂ ಮಾಡಿಕೊಡಲಾರದು. ಅದೇ ವರ್ಷ ಜುಲೈಯಿಂದ ಅಕ್ಟೋಬರ್‌ವರೆಗೆ ನಡೆದ ಬ್ರಿಟನ್ನಿನ ವಾಯುಕದನದಲ್ಲೂ ಈ ಲೆಕ್ಕವೇ ಕೆಲಸ ಮಾಡಿತು. ಬ್ರಿಟನ್ ತಿಂಗಳಿಗೆ ತಯಾರಿಸುತ್ತಿದ್ದ ಕಾದಾಟದ ವಿಮಾನಗಳು ಜರ್ಮನಿಯದಕ್ಕಿಂತ ಹೆಚ್ಚಾಗಿದ್ದವು. ವಿಮಾನ ಉರುಳಿ ಪ್ಯಾರಾಚೂಟಿನಲ್ಲಿ ಇಳಿದ ಬ್ರಿಟಿಷ್ ಪೈಲಟ್ ತನ್ನ ನೆಲದಲ್ಲೇ ಇಳಿದು ಮತ್ತೆ ಹಾರಲು ಹೋಗುತ್ತಿದ್ದ. ಹಾಗೆ ಇಳಿದ ಜರ್ಮನ್ ಪೈಲಟ್ ಸೆರೆಯಾಗುತ್ತಿದ್ದ. ಬ್ರಿಟಿಷ್ ವಾಯುಪಡೆಯ ಕಾದಾಟದ ವಿಮಾನಗಳ ವಿಭಾಗದ ಮುಖ್ಯಸ್ಥ ಹ್ಯೂ ಡೌಡಿಂಗ್ ರೇಡಾರ್ ಜಾಲವನ್ನು ಬಳಸಿ ವಿಮಾನಗಳನ್ನು ಬೇಕಾದಷ್ಟೇ ಮೇಲೆ ಕಳಿಸಿ, ಉಳಿದವನ್ನು ಕಾದಿಟ್ಟುಕೊಂಡದ್ದು ಈ ಲೆಕ್ಕವನ್ನು ಅರಿತೇ. ಸೆಪ್ಟೆಂಬರ್ 17ರಂದು ಹಿಟ್ಲರ್ ಬ್ರಿಟನ್ನಿನ ಮೇಲಿನ ದಂಡಯಾತ್ರೆಯನ್ನು ಮುಂದಕ್ಕೆ ಹಾಕಿದ. ಅದು ಮುಂದೆಂದೂ ನಡೆಯಲಿಲ್ಲ.

1941ರ ಡಿಸೆಂಬರ್ 7ರ ಪರ್ಲ್ ಹಾರ್ಬರ್ ದಾಳಿಯನ್ನೂ ಹೀಗೆಯೇ ನೋಡಬೇಕು. ಬಂದರಿನಲ್ಲಿ ನಿಂತಿದ್ದ ಅಮೆರಿಕದ ಎಂಟು ಯುದ್ಧನೌಕೆಗಳೂ ಪೆಟ್ಟು ತಿಂದವು, 2,400ಕ್ಕೂ ಹೆಚ್ಚು ಜನ ಸತ್ತರು. ಆದರೂ ಆ ಎಂಟರಲ್ಲಿ ಆರು ನೌಕೆಗಳು ದುರಸ್ತಿಯಾಗಿ ಮತ್ತೆ ಕಡಲಿಗಿಳಿದವು. ವಿಮಾನವಾಹಕ ನೌಕೆಗಳು ಅಂದು ಬಂದರಿನಲ್ಲಿರಲಿಲ್ಲ, ತೈಲದ ಟ್ಯಾಂಕುಗಳೂ ದುರಸ್ತಿ ಕಟ್ಟೆಗಳೂ ಬಹುಪಾಲು ಉಳಿದುಕೊಂಡವು. ಜಪಾನ್ ಉಂಟುಮಾಡಿದ್ದು ಅಮೆರಿಕ ತುಂಬಿಕೊಳ್ಳಬಲ್ಲ ನಷ್ಟವನ್ನು. ಬದಲಿಗೆ ಪಡೆದದ್ದು ತಾನು ಎಂದಿಗೂ ಸರಿಗಟ್ಟಲಾಗದ ಎದುರಾಳಿಯನ್ನು. ನಾಲ್ಕು ದಿನಗಳ ಬಳಿಕ ಜರ್ಮನಿಯೂ ಅಮೆರಿಕದ ಮೇಲೆ ಯುದ್ಧ ಸಾರಿತು.

ಮಾಸ್ಕೋದಿಂದ ಸ್ಟಾಲಿನ್‌ಗ್ರಾಡ್‌ವರೆಗೆ

1941ರ ಜೂನ್ 22ರಂದು ಮೂವತ್ತು ಲಕ್ಷಕ್ಕೂ ಹೆಚ್ಚು ಸೈನಿಕರೊಡನೆ ಜರ್ಮನಿ ಸೋವಿಯತ್ ಒಕ್ಕೂಟದ ಮೇಲೆ ನುಗ್ಗಿತು. ಸೆಪ್ಟೆಂಬರ್‌ನಲ್ಲಿ ಕೀವ್ ಬಳಿಯ ಒಂದೇ ಮುತ್ತಿಗೆಯಲ್ಲಿ ಆರು ಲಕ್ಷಕ್ಕೂ ಹೆಚ್ಚು ಸೋವಿಯತ್ ಸೈನಿಕರನ್ನು ಸೆರೆಹಿಡಿದುದಾಗಿ ಜರ್ಮನಿ ಹೇಳಿಕೊಂಡಿತು. ಸೋತವರ ಸಂಖ್ಯೆಯೇ ಮಾನದಂಡವಾಗಿದ್ದರೆ ಯುದ್ಧ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಅದೇ ತಿಂಗಳುಗಳಲ್ಲಿ 1,500ಕ್ಕೂ ಹೆಚ್ಚು ದೊಡ್ಡ ಕಾರ್ಖಾನೆಗಳನ್ನು ಸೋವಿಯತ್ ಕಾರ್ಮಿಕರು ಬಿಚ್ಚಿ, ರೈಲಿಗೇರಿಸಿ, ಉರಾಲ್ ಪರ್ವತಗಳ ಆಚೀಚೆಗೂ ಸೈಬೀರಿಯಕ್ಕೂ ಸಾಗಿಸುತ್ತಿದ್ದರು. ಇತ್ತ ಜರ್ಮನ್ ಸೇನೆ ಮುಂದೆ ಹೋದಷ್ಟೂ ಅದರ ಸರಬರಾಜಿನ ದಾರಿ ಉದ್ದವಾಗುತ್ತಿತ್ತು. ರಷ್ಯದ ರೈಲು ಹಳಿಗಳ ಅಗಲ ಜರ್ಮನಿಯದಕ್ಕಿಂತ ಹೆಚ್ಚು. ಹಳಿಗಳನ್ನು ಕಿತ್ತು ಹೊಂದಿಸದೆ ಜರ್ಮನ್ ರೈಲು ಮುಂದೆ ಓಡುವಂತಿರಲಿಲ್ಲ. ಚಳಿಗಾಲದ ಉಡುಪು ಸೈನಿಕರಿಗೆ ತಲುಪಲಿಲ್ಲ. ಡಿಸೆಂಬರ್ 5ರಂದು ಮಾಸ್ಕೋ ಹೊರವಲಯದಲ್ಲಿ ಸೋವಿಯತ್ ಪ್ರತಿದಾಳಿ ಆರಂಭವಾದಾಗ ಜರ್ಮನಿಯ ಬಳಿ ಮುಂದೆ ಕಳಿಸಲು ಮೀಸಲು ಪಡೆ ಉಳಿದಿರಲಿಲ್ಲ. 1942ರ ಮಾರ್ಚ್ ಹೊತ್ತಿಗೆ ಪೂರ್ವ ರಣರಂಗದಲ್ಲಿ ಸತ್ತ, ಗಾಯಗೊಂಡ, ಕಾಣೆಯಾದ ಜರ್ಮನ್ ಸೈನಿಕರ ಸಂಖ್ಯೆ ಹತ್ತು ಲಕ್ಷ ದಾಟಿತ್ತು. ಈ ನಷ್ಟ ತುಂಬಲಿಲ್ಲ ಎಂಬುದಕ್ಕೆ ಮುಂದಿನ ಬೇಸಿಗೆಯೇ ಸಾಕ್ಷಿ: 1941ರಲ್ಲಿ ಮೂರು ದಿಕ್ಕಿನಲ್ಲಿ ಏಕಕಾಲಕ್ಕೆ ನುಗ್ಗಿದ್ದ ಸೇನೆ 1942ರಲ್ಲಿ ದಕ್ಷಿಣ ದಿಕ್ಕಿನಲ್ಲಿ ಮಾತ್ರ ನುಗ್ಗಬಲ್ಲುದಾಯಿತು.

ಆ ದಂಡಯಾತ್ರೆಯ ಗುರಿ ಕಾಕಸಸ್ಸಿನ ತೈಲ: ಮೈಕೋಪ್, ಗ್ರೋಜ್ನಿ, ಬಾಕು. ವೋಲ್ಗಾ ದಂಡೆಯ ಸ್ಟಾಲಿನ್‌ಗ್ರಾಡ್ ಅದರ ಪಕ್ಕದ ಕಾವಲಿಗೆಂದು ಹಿಡಿಯಬೇಕಾಗಿದ್ದ ಊರು. ಆದರೆ ಬೀದಿಬೀದಿಯ, ಮನೆಮನೆಯ ಹೋರಾಟ ಜರ್ಮನಿಯ ಆರನೆಯ ಸೇನೆಯನ್ನು ನುಂಗತೊಡಗಿತು. ಅದರ ಎರಡು ಮಗ್ಗುಲಲ್ಲಿ ಕಾವಲಿದ್ದ ರುಮೇನಿಯದ ಸೇನೆಗಳ ಬಳಿ ಟ್ಯಾಂಕುಗಳನ್ನು ತಡೆಯುವ ಆಯುಧಗಳು ಸಾಲದಾಗಿದ್ದವು. 1942ರ ನವೆಂಬರ್ 19ರಂದು ಸೋವಿಯತ್ ಪಡೆಗಳು ಆ ಮಗ್ಗುಲುಗಳನ್ನೇ ಒಡೆದು ನಾಲ್ಕು ದಿನಗಳಲ್ಲಿ ಮುತ್ತಿಗೆಯನ್ನು ಪೂರ್ತಿಗೊಳಿಸಿದವು. ಒಳಗೆ ಸಿಕ್ಕಿಬಿದ್ದವರಿಗೆ ದಿನಕ್ಕೆ ಕನಿಷ್ಠ 300 ಟನ್ ಸಾಮಗ್ರಿ ಬೇಕಿತ್ತು. ವಿಮಾನದಲ್ಲಿ ತಲುಪಿಸುತ್ತೇವೆ ಎಂದು ಜರ್ಮನ್ ವಾಯುಪಡೆಯ ಮುಖ್ಯಸ್ಥ ಗೋರಿಂಗ್ ಮಾತು ಕೊಟ್ಟ. ತಲುಪಿದ್ದು ಸರಾಸರಿ ನೂರು ಟನ್ನಿನ ಆಸುಪಾಸು. 1943ರ ಫೆಬ್ರವರಿ 2ಕ್ಕೆ ಎಲ್ಲ ಮುಗಿದಾಗ ಕೊನೆಯ ಹಂತದಲ್ಲಿ ಸೆರೆಯಾದವರು ಸುಮಾರು 91,000. ಅವರಲ್ಲಿ ತಾಯ್ನಾಡು ಕಂಡವರು ಆರು ಸಾವಿರದಷ್ಟು ಮಾತ್ರ. ಒಂದು ಇಡೀ ಸೇನೆಯ ಜತೆಗೆ ಸೋವಿಯತ್ ತೈಲದ ಆಸೆಯೂ ಜರ್ಮನಿಯ ಕೈತಪ್ಪಿತು. ಅದೇ ವರ್ಷದ ಜುಲೈಯಲ್ಲಿ ಕುರ್ಸ್ಕ್ ಬಳಿ ನಡೆದ ಭಾರೀ ಟ್ಯಾಂಕು ಕಾಳಗವನ್ನು ಕೆಲವರು ತಿರುವು ಎನ್ನುತ್ತಾರೆ. ಆದರೆ ಕುರ್ಸ್ಕ್ ಹೊಸದಾಗಿ ತೀರ್ಮಾನಿಸಿದ್ದು ಕಡಿಮೆ. ಸ್ಟಾಲಿನ್‌ಗ್ರಾಡಿನಲ್ಲಿ ಬಿದ್ದ ಕಂದಕ ಮುಚ್ಚಿಲ್ಲವೆಂಬುದನ್ನು ಅದು ಎಲ್ಲರ ಕಣ್ಣಿಗೂ ಕಾಣಿಸಿತು.

ಕಡಲಿನ ಎರಡು ತಿರುವುಗಳು

ಪೆಸಿಫಿಕ್ ಸಾಗರದ ತಿರುವು 1942ರ ಜೂನ್ 4ರಂದು ಮಿಡ್‌ವೇ ದ್ವೀಪದ ಬಳಿ ಬಂದಿತು. ಜೋಸೆಫ್ ರೋಶ್‌ಫೋರ್ಟ್ ನೇತೃತ್ವದ ಅಮೆರಿಕದ ಗೂಢಲಿಪಿ ತಂಡ ಜಪಾನಿನ ಸಂದೇಶಗಳನ್ನು ಭಾಗಶಃ ಬಿಡಿಸಿ ದಾಳಿಯ ಜಾಗವನ್ನು ಮೊದಲೇ ತಿಳಿಸಿತ್ತು. ಅಕಾಗಿ, ಕಾಗಾ, ಸೊರ್ಯು, ಹಿರ್ಯು ಎಂಬ ನಾಲ್ಕು ವಿಮಾನವಾಹಕ ನೌಕೆಗಳನ್ನು ಜಪಾನ್ ಕಳೆದುಕೊಂಡಿತು. ಅಮೆರಿಕ ಕಳೆದುಕೊಂಡದ್ದು ಯಾರ್ಕ್‌ಟೌನ್ ಒಂದನ್ನು. ಅಂದೇ ಜಪಾನಿನ ವೈಮಾನಿಕ ಬಲ ನೆಲಕಚ್ಚಿತು ಎಂಬ ಮಾತು ಪೂರ್ತಿ ಸರಿಯಲ್ಲ. ಅದರ ನುರಿತ ಪೈಲಟ್‌ಗಳಲ್ಲಿ ಹೆಚ್ಚಿನವರು ಬದುಕುಳಿದಿದ್ದರು. ಅವರನ್ನು ಸವೆಸಿದ್ದು ಆಗಸ್ಟ್‌ನಿಂದ ಮರುವರ್ಷದ ಫೆಬ್ರವರಿಯವರೆಗೆ ಎಳೆದಾಡಿದ ಗ್ವಾಡಲ್‌ಕನಾಲ್ ದ್ವೀಪದ ಹೋರಾಟ. ನೌಕೆಗಳ ನಷ್ಟ ಮಿಡ್‌ವೇಯಲ್ಲಿ, ಪೈಲಟ್‌ಗಳ ನಷ್ಟ ಗ್ವಾಡಲ್‌ಕನಾಲಿನಲ್ಲಿ. ಎರಡೂ ಸೇರಿ ತಿರುವಾಯಿತು. ಯುದ್ಧ ಮುಗಿಯುವುದರೊಳಗೆ ಅಮೆರಿಕ ಎಸೆಕ್ಸ್ ಮಾದರಿಯ ಹದಿನೇಳು ದೊಡ್ಡ ವಿಮಾನವಾಹಕ ನೌಕೆಗಳನ್ನು ಸೇವೆಗಿಳಿಸಿತು. ಜಪಾನಿಗೆ ಅದಕ್ಕೆ ಸಾಟಿಯಾಗಿ ನೌಕೆ ಕಟ್ಟಲು ಉಕ್ಕೂ ಇರಲಿಲ್ಲ, ಪೈಲಟ್‌ಗಳನ್ನು ತಯಾರು ಮಾಡಲು ಪೆಟ್ರೋಲೂ ಇರಲಿಲ್ಲ.

ಅಟ್ಲಾಂಟಿಕ್ ಕದನಕ್ಕೆ ಹೀಗೆ ಒಂದು ದಿನವಿಲ್ಲ, ಒಂದು ಊರಿಲ್ಲ. ಆದ್ದರಿಂದಲೇ ಜನಪ್ರಿಯ ಪಟ್ಟಿಗಳಲ್ಲಿ ಅದಕ್ಕೆ ಹಿಂದಿನ ಸಾಲು. ಆದರೆ ಉಳಿದ ಕದನಗಳಲ್ಲಿ ಬಹಳಷ್ಟು ಅದರ ಮೇಲೆ ನಿಂತಿದ್ದವು. ಜರ್ಮನ್ ಜಲಾಂತರ್ಗಾಮಿಗಳು ಸರಕು ಹಡಗುಗಳನ್ನು ಮುಳುಗಿಸುವ ವೇಗ, ಮಿತ್ರರಾಷ್ಟ್ರಗಳು ಹೊಸ ಹಡಗು ಕಟ್ಟುವ ವೇಗವನ್ನು ಮೀರಿದರೆ ಬ್ರಿಟನ್ ಹಸಿವಿನಿಂದಲೇ ಶರಣಾಗಬೇಕಾಗುತ್ತಿತ್ತು. 1943ರ ಮಾರ್ಚ್‌ನಲ್ಲಿ ಪರಿಸ್ಥಿತಿ ಬಿಗಡಾಯಿಸಿತ್ತು. ಮೇ ತಿಂಗಳಲ್ಲಿ ಅದು ಅಡಿಮೇಲಾಯಿತು. ಸಣ್ಣ ಅಲೆಯ ರೇಡಾರ್, ದೂರ ಹಾರುವ ಲಿಬರೇಟರ್ ವಿಮಾನ, ಬೆಂಗಾವಲಿನ ಚಿಕ್ಕ ವಿಮಾನವಾಹಕ ನೌಕೆ, ಗೂಢಲಿಪಿ ಭೇದನ ಎಲ್ಲವೂ ಒಟ್ಟುಗೂಡಿ ಆ ಒಂದೇ ತಿಂಗಳಲ್ಲಿ ನಲವತ್ತಕ್ಕೂ ಹೆಚ್ಚು ಜಲಾಂತರ್ಗಾಮಿಗಳು ನಾಶವಾದವು. ಮೇ 24ರಂದು ಅಡ್ಮಿರಲ್ ಡ್ಯೋನಿಟ್ಸ್ ಉತ್ತರ ಅಟ್ಲಾಂಟಿಕ್‌ನಿಂದ ಅವುಗಳನ್ನು ಹಿಂದೆಗೆಯಲು ಆಜ್ಞೆ ಮಾಡಿದ. ಇತ್ತ ಅಮೆರಿಕದ ಹಡಗುಕಟ್ಟೆಗಳು ಯುದ್ಧ ಮುಗಿಯುವುದರೊಳಗೆ ‘ಲಿಬರ್ಟಿ’ ಮಾದರಿಯ 2,710 ಸರಕು ಹಡಗುಗಳನ್ನು ಕಟ್ಟಿದವು. 1944ರ ಜೂನ್ 6ರಂದು ನಾರ್ಮಂಡಿ ತೀರದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಸೈನಿಕರು ಇಳಿಯಲು ಈ ಕಡಲ ದಾರಿ ತೆರೆದಿರಬೇಕಿತ್ತು.

ಇಂಫಾಲ ಮತ್ತು ಕೊಹಿಮಾ

ಭಾರತದ ನೆಲದಲ್ಲೇ ನಡೆದ ತಿರುವು 1944ರ ಮಾರ್ಚ್‌ನಿಂದ ಜುಲೈವರೆಗಿನ ಇಂಫಾಲ–ಕೊಹಿಮಾ ಕದನ. ಜಪಾನಿನ ಸೇನಾನಿ ಮುತಾಗುಚಿ ಸುಮಾರು 85,000 ಸೈನಿಕರನ್ನು ಬರ್ಮಾದ ಬೆಟ್ಟಗಳಾಚೆ ಕಳಿಸಿದ. ಸುಭಾಷ್‌ಚಂದ್ರ ಬೋಸರ ಆಜಾದ್ ಹಿಂದ್ ಫೌಜಿನ ತುಕಡಿಗಳೂ ಸ್ವಾತಂತ್ರ್ಯದ ಕನಸಿನೊಡನೆ ಆ ದಾರಿ ಹಿಡಿದಿದ್ದವು. ಸೈನಿಕರ ಬೆನ್ನಮೇಲೆ ಇದ್ದದ್ದು ಸುಮಾರು ಮೂರು ವಾರದ ಬುತ್ತಿ. ಆಮೇಲಿನ ಊಟಕ್ಕೆ ಇಂಫಾಲದ ಬ್ರಿಟಿಷ್ ಉಗ್ರಾಣಗಳನ್ನೇ ವಶಪಡಿಸಿಕೊಳ್ಳುವುದು ಎಂಬುದು ಯೋಜನೆ. ವಿಲಿಯಂ ಸ್ಲಿಮ್ ನೇತೃತ್ವದ ಹದಿನಾಲ್ಕನೆಯ ಸೇನೆ, ಅದರಲ್ಲಿ ಬಹುಪಾಲು ಭಾರತೀಯರು, ಆ ಉಗ್ರಾಣಗಳನ್ನು ಬಿಟ್ಟುಕೊಡಲಿಲ್ಲ. ಭಾರತದ ಐದನೆಯ ಡಿವಿಜನ್ನನ್ನು ಫಿರಂಗಿ, ಹೇಸರಗತ್ತೆಗಳ ಸಮೇತ ಅರಾಕಾನಿನಿಂದ ವಿಮಾನದಲ್ಲಿ ತಂದಿಳಿಸಲಾಯಿತು. ಮುತ್ತಿಗೆಗೆ ಸಿಕ್ಕ ಇಂಫಾಲಕ್ಕೆ ಆಕಾಶದಿಂದಲೇ ಅನ್ನ, ಮದ್ದುಗುಂಡು ಬಂದವು. ಸ್ಟಾಲಿನ್‌ಗ್ರಾಡಿನಲ್ಲಿ ಗೋರಿಂಗ್‌ನಿಂದ ಆಗದ ಕೆಲಸ ಇಲ್ಲಿ ಆಯಿತು. ಜೂನ್ 22ರಂದು ಕೊಹಿಮಾ–ಇಂಫಾಲ ರಸ್ತೆ ತೆರೆಯಿತು. ಮಳೆ, ಹಸಿವು, ರೋಗಗಳ ನಡುವೆ ಹಿಂದೆಗೆದ ಜಪಾನೀಯರಲ್ಲಿ ಸುಮಾರು 30,000 ಮಂದಿ ಸತ್ತರು. ಗುಂಡಿಗಿಂತ ಹಸಿವು, ರೋಗಗಳಿಗೆ ಬಲಿಯಾದವರೇ ಹೆಚ್ಚು. ಈ ರಣರಂಗದ ವಿಮಾನಗಳ ಬೆನ್ನಹಿಂದೆ ಬೆಂಗಳೂರೂ ಇತ್ತು. ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ಸಹಭಾಗಿತ್ವದಲ್ಲಿ 1940ರ ಡಿಸೆಂಬರ್‌ನಲ್ಲಿ ಆರಂಭಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1943ರಿಂದ ಅಮೆರಿಕದ ವಾಯುಪಡೆಯ ವಿಮಾನಗಳ ದುರಸ್ತಿಯ ದೊಡ್ಡ ನೆಲೆಯಾಗಿತ್ತು.

ಆಕ್ಷೇಪಗಳು

ಈ ವಾದಕ್ಕೆ ಬರುವ ಮೊದಲ ಆಕ್ಷೇಪ ಗಂಭೀರವಾದದ್ದು. ನಷ್ಟ ತುಂಬಿಕೊಳ್ಳುವ ಶಕ್ತಿಯೇ ನಿರ್ಣಾಯಕವಾದರೆ, 1944ರ ಒಂದೇ ವರ್ಷದಲ್ಲಿ ಅಮೆರಿಕ 96,000 ವಿಮಾನಗಳನ್ನು, ಜರ್ಮನಿ ಸುಮಾರು 40,000, ಜಪಾನ್ ಸುಮಾರು 28,000 ವಿಮಾನಗಳನ್ನು ತಯಾರಿಸಿದ ಮೇಲೆ ಕದನಗಳು ಯಾಕೆ ಬೇಕಿತ್ತು? ಅಮೆರಿಕ ಯುದ್ಧಕ್ಕಿಳಿದ ದಿನವೇ ಫಲಿತಾಂಶ ಬರೆದಿಟ್ಟಂತಾಗಲಿಲ್ಲವೇ? ಆಗಲಿಲ್ಲ. ಕಾರ್ಖಾನೆಯ ಶಕ್ತಿ ರಣರಂಗ ತಲುಪಲು ಕಾಲ ಬೇಕು, ಆ ಕಾಲವನ್ನು ಗಳಿಸಿಕೊಟ್ಟದ್ದು ಕದನಗಳೇ. ಎಸೆಕ್ಸ್ ಮಾದರಿಯ ಮೊದಲ ನೌಕೆ ಸೇವೆಗೆ ಸೇರಿದ್ದು 1942ರ ಡಿಸೆಂಬರ್ ಕೊನೆಯಲ್ಲಿ. ಮಿಡ್‌ವೇಯಲ್ಲಿ ಹೋರಾಡಿದ ಅಮೆರಿಕದ ಮೂರು ವಿಮಾನವಾಹಕ ನೌಕೆಗಳು ಅದು ಯುದ್ಧಕ್ಕಿಳಿಯುವ ಮೊದಲೇ ಕಟ್ಟಿದಂಥವು. ಮಾಸ್ಕೋ ಉಳಿದದ್ದೂ ಅಮೆರಿಕದ ನೆರವು ದೊಡ್ಡ ಪ್ರಮಾಣದಲ್ಲಿ ಬರುವ ಮೊದಲೇ. ಸ್ಟಾಲಿನ್‌ಗ್ರಾಡಿನ ಬಳಿಕ ಪಶ್ಚಿಮಕ್ಕೆ ನಡೆದ ಸೋವಿಯತ್ ಸೇನೆಗೆ ಅಮೆರಿಕ ಕಳಿಸಿದ ಸುಮಾರು ನಾಲ್ಕು ಲಕ್ಷ ಲಾರಿ, ಜೀಪುಗಳು ಕಾಲಾದವು ನಿಜ. ಆದರೆ ಆ ನಡಿಗೆಗೆ ಮೊದಲು ಅದು ನಿಂತ ನೆಲದಲ್ಲೇ ಉಳಿಯಬೇಕಿತ್ತು. 1942ರಲ್ಲಿ ಜರ್ಮನಿಗಿಂತ ಬಹಳ ಕಡಿಮೆ ಉಕ್ಕಿದ್ದ ಸೋವಿಯತ್ ಒಕ್ಕೂಟ ಜರ್ಮನಿಗಿಂತ ಹೆಚ್ಚು ಟ್ಯಾಂಕುಗಳನ್ನು ತಯಾರಿಸಿತು. ತುಂಬಿಕೊಳ್ಳುವ ಶಕ್ತಿ ಗಣಿಯಲ್ಲಿ ಸಿಗುವ ವಸ್ತುವಲ್ಲ. ಅದು ಸಂಘಟನೆಯಿಂದ, ತೀರ್ಮಾನಗಳಿಂದ, ಮನುಷ್ಯರ ಸಹನೆಯಿಂದ ಹುಟ್ಟುತ್ತದೆ.

ಎರಡನೆಯ ಆಕ್ಷೇಪ ನಾರ್ಮಂಡಿಯ ಕುರಿತಾದದ್ದು. ಯೂರೋಪಿನ ಬಿಡುಗಡೆಯ ಆ ದಿನವನ್ನು ತಿರುವಲ್ಲ ಎನ್ನಬಹುದೇ? ನಾರ್ಮಂಡಿ ಸೋತಿದ್ದರೆ ಪಶ್ಚಿಮ ಯೂರೋಪು ಇನ್ನಷ್ಟು ಕಾಲ ಆಕ್ರಮಣದಡಿ ನರಳುತ್ತಿತ್ತು, ಯುದ್ಧಾನಂತರದ ಭೂಪಟ ಬೇರೆಯಾಗುತ್ತಿತ್ತು. ಆ ಅರ್ಥದಲ್ಲಿ ಅದು ಯೂರೋಪಿನ ಭವಿಷ್ಯದ ತಿರುವು. ಆದರೆ ಜರ್ಮನಿಯ ಸೋಲನ್ನು ಅದೊಂದೇ ತೀರ್ಮಾನಿಸಿತು ಎನ್ನಲಾಗದು. ಎರಡೇ ವಾರಗಳ ಬಳಿಕ, ಜೂನ್ 22ರಂದು, ಬೆಲಾರೂಸಿನಲ್ಲಿ ಆರಂಭವಾದ ಸೋವಿಯತ್ ದಾಳಿ ಜರ್ಮನಿಯ ಮಧ್ಯ ಸೇನಾಸಮೂಹವನ್ನೇ ಪುಡಿಗಟ್ಟಿತು. ಜುಲೈ 3ಕ್ಕೆ ಮಿನ್ಸ್ಕ್ ಬಿಡುಗಡೆಯಾಯಿತು. ಎರಡು ಕಡೆಯ ನಷ್ಟವನ್ನೂ ತುಂಬಲಾಗದ ಸ್ಥಿತಿಗೆ ಜರ್ಮನಿ ಆಗಲೇ ಬಂದಿತ್ತು. ಈಜಿಪ್ಟಿನ ಎಲ್ ಅಲಮೈನ್‌ಗೂ ಇದೇ ಮಾತು. 1942ರ ಅಕ್ಟೋಬರ್–ನವೆಂಬರ್‌ನಲ್ಲಿ ಜರ್ಮನ್ ಸೇನಾನಿ ರೊಮೆಲ್‌ನ ಪಡೆ ಸೋತದ್ದು ಬ್ರಿಟಿಷ್ ಸೇನಾನಿ ಮಾಂಟ್‌ಗೊಮರಿಯ ಫಿರಂಗಿಗಳಿಂದಷ್ಟೇ ಅಲ್ಲ, ಮೆಡಿಟರೇನಿಯನ್ ಕಡಲಿನಲ್ಲಿ ಮುಳುಗಿದ ತೈಲದ ಹಡಗುಗಳಿಂದಲೂ ಹೌದು.

ಮೂರನೆಯ ಆಕ್ಷೇಪ ನೈತಿಕವಾದದ್ದು: ಸರಬರಾಜಿನ ಲೆಕ್ಕದಲ್ಲಿ ಮನುಷ್ಯ ಮರೆಯಾಗುತ್ತಾನೆ. ಆದರೆ ನಿಜಕ್ಕೂ ಮನುಷ್ಯನನ್ನು ಮರೆಸುವುದು ಬಾವುಟ ನೆಟ್ಟ ಗಳಿಗೆಗಳ ಪಟ್ಟಿ. ಸರಬರಾಜನ್ನು ಹಿಂಬಾಲಿಸಿ ಹೋದರೆ ಸಿಗುವವರು ಸಾಮಾನ್ಯ ಜನ. 1941ರ ಸೆಪ್ಟೆಂಬರ್‌ನಿಂದ 1944ರ ಜನವರಿಯವರೆಗೆ ಮುತ್ತಿಗೆಯಲ್ಲಿದ್ದ ಲೆನಿನ್‌ಗ್ರಾಡಿನಲ್ಲಿ ಲಕ್ಷಾಂತರ ನಾಗರಿಕರು ಹಸಿವಿನಿಂದ ಸತ್ತರು. ಹಸಿವನ್ನೇ ಅಲ್ಲಿ ಆಯುಧವಾಗಿ ಬಳಸಲಾಗಿತ್ತು. 1942ರಲ್ಲಿ ರಂಗೂನ್ ಬಿದ್ದು ಬರ್ಮಾದ ಅಕ್ಕಿ ನಿಂತಿತು. ಜಪಾನೀಯರ ಕೈಗೆ ಸಿಗಬಾರದೆಂದು ಬ್ರಿಟಿಷ್ ಸರ್ಕಾರ ಬಂಗಾಳದ ಕರಾವಳಿಯ ದೋಣಿಗಳನ್ನು ಕಸಿದು ನಾಶಮಾಡಿತು. 1943ರ ಕ್ಷಾಮದಲ್ಲಿ ಬಂಗಾಳ ಸುಮಾರು ಮೂವತ್ತು ಲಕ್ಷ ಜನರನ್ನು ಕಳೆದುಕೊಂಡಿತು ಎಂಬುದು ವ್ಯಾಪಕವಾಗಿ ಒಪ್ಪಿತವಾದ ಅಂದಾಜು. ಸೋವಿಯತ್ ಒಕ್ಕೂಟ ತನ್ನ ನಷ್ಟವನ್ನು ತುಂಬಿಕೊಂಡಿತು ಎನ್ನುವಾಗ ಆ ಮಾತಿನ ಹಿಂದೆ ಸುಮಾರು 2.7 ಕೋಟಿ ಜನರ ಸಾವಿದೆ. ಸೇನೆಯ ಸಾಲಿನಲ್ಲಿ ಬಿದ್ದವನ ಜಾಗಕ್ಕೆ ಇನ್ನೊಬ್ಬ ಬಂದ. ಮನೆಯಲ್ಲಿ ಅವನ ಜಾಗಕ್ಕೆ ಯಾರೂ ಬರಲಿಲ್ಲ. ಈ ಯುದ್ಧದ ತಿರುವುಗಳನ್ನು ಓದುವಾಗ ಸೇನಾನಿಗಳ ನಕಾಶೆಯ ಜತೆಗೆ ಈ ಲೆಕ್ಕವನ್ನೂ ಬಿಚ್ಚಿಟ್ಟುಕೊಳ್ಳಬೇಕು. ಆಗ ಬಂಗಾಳವೂ ಲೆನಿನ್‌ಗ್ರಾಡೂ ಯುದ್ಧದ ಅಡಿಟಿಪ್ಪಣಿಗಳಾಗಿ ಉಳಿಯದೆ, ಸ್ಟಾಲಿನ್‌ಗ್ರಾಡ್, ಮಿಡ್‌ವೇಗಳ ಪಕ್ಕದಲ್ಲೇ ತಮ್ಮ ಜಾಗ ಪಡೆಯುತ್ತವೆ.